ಮಡಕೆಯ ಚೂರಿನಲ್ಲಿ ಚರಿತ್ರೆಯನ್ನು ಓದಿದ ಡಾ. ಎಚ್. ಡಿ. ಸಂಕಾಲಿಯಾ

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಮಡಕೆ ಒಡೆಯಲು ಕ್ಷಣ ಸಾಕು, ನಿಜ. ಆದರೆ ಒಡೆದ ಮಡಕೆಯ ಚೂರಿಗೆ ಮಾತ್ರ ಸಾವಿಲ್ಲ. ಮರ ಕೊಳೆಯುತ್ತದೆ, ಬಟ್ಟೆ ಮಣ್ಣಾಗುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ. ಚಿನ್ನವನ್ನೂ ತಾಮ್ರವನ್ನೂ ಮುಂದಿನವರು ಕರಗಿಸಿ ಬೇರೆ ಮಾಡಿಕೊಳ್ಳುತ್ತಾರೆ. ಸುಟ್ಟ ಮಣ್ಣಿನ ಚೂರನ್ನು ಕದಿಯುವವರಿಲ್ಲ, ಅದಕ್ಕೆ ಗೆದ್ದಲು ಹತ್ತುವುದೂ ಇಲ್ಲ. ತಿಪ್ಪೆಗೆ ಎಸೆದಲ್ಲಿಯೇ ಅದು ಮೂರು ನಾಲ್ಕು ಸಾವಿರ ವರ್ಷ ಬಿದ್ದಿರುತ್ತದೆ. ಹೀಗೆ ಎಲ್ಲರೂ ಕಾಲಿನಿಂದ ಸರಿಸಿ ನಡೆದ ವಸ್ತುವನ್ನು ಕೈಗೆತ್ತಿಕೊಂಡು, ತೊಳೆದು, ಗುರುತು ಹಾಕಿ, ಗುಂಪು ಮಾಡಿ, ಬರವಣಿಗೆಯನ್ನೇ ಅರಿಯದ ಜನರ ಚರಿತ್ರೆಯನ್ನು ಅದರಿಂದ ಓದಿದವರಲ್ಲಿ ಅಗ್ರಗಣ್ಯರು ಪುಣೆಯ ಡೆಕ್ಕನ್ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಡಾ. ಹಸಮುಖ ಧೀರಜಲಾಲ ಸಂಕಾಲಿಯಾ ಅವರು.

ಪುಣೆಯಲ್ಲಿ ನೆಲೆಸಿರುವ ನಮ್ಮಲ್ಲಿ ಹಲವರು ಯೆರವಡಾದ ಕಡೆಗೆ ಹೋಗುವಾಗ ಡೆಕ್ಕನ್ ಕಾಲೇಜಿನ ಹಳೆಯ ಕಲ್ಲಿನ ಕಟ್ಟಡವನ್ನೂ ಅದರ ಸುತ್ತಣ ಮರಗಳನ್ನೂ ನೋಡಿರುತ್ತೇವೆ. ಆದರೆ ಒಳಗೆ ಹೋಗಿ ಅಲ್ಲಿನ ಪುರಾತತ್ತ್ವ ವಸ್ತುಸಂಗ್ರಹಾಲಯವನ್ನು ಕಂಡವರು ಕಡಿಮೆ. ಬ್ಯಾಂಕಿನ ಕೆಲಸದಲ್ಲಿ ವರ್ಷಗಟ್ಟಲೆ ಇದೇ ಊರಿನಲ್ಲಿದ್ದ ನಾನೂ ಬಹಳ ತಡವಾಗಿಯೇ ಅಲ್ಲಿಗೆ ಹೋದವನು. ಅಲ್ಲಿನ ಮಡಕೆ ಕುಡಿಕೆಗಳ ಮುಂದೆ ನಿಂತಾಗ ಮೂಡಿದ ಕುತೂಹಲವೇ ಈ ಬರಹಕ್ಕೆ ಕಾರಣ.

ಸಂಕಾಲಿಯಾ ಅವರು ಜನಿಸಿದ್ದು 1908ರ ಡಿಸೆಂಬರ್ 10ರಂದು, ಮುಂಬಯಿಯ ಗುಜರಾತಿ ಕುಟುಂಬವೊಂದರಲ್ಲಿ. ಶಾಲಾ ದಿನಗಳಲ್ಲಿ ಲೋಕಮಾನ್ಯ ತಿಲಕರ ಆರ್ಯರ ಮೂಲ ನೆಲೆಯನ್ನು ಕುರಿತ ಗ್ರಂಥವನ್ನು ಗುಜರಾತಿ ಅನುವಾದದಲ್ಲಿ ಓದಿದ್ದು ಅವರ ಮನಸ್ಸನ್ನು ಪ್ರಾಚೀನ ಭಾರತದ ಕಡೆಗೆ ತಿರುಗಿಸಿತು. ಮುಂದೆ ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಇತಿಹಾಸಜ್ಞ ಫಾದರ್ ಹೆರಾಸ್ ಅವರ ಶಿಷ್ಯರಾದರು. ಎಂ.ಎ. ಪದವಿಗಾಗಿ ಅವರು ಬರೆದ ಪ್ರಬಂಧ ನಾಲಂದಾ ವಿಶ್ವವಿದ್ಯಾಲಯದ ಬಗ್ಗೆ. 1934ರಲ್ಲಿ ಅದು ಪುಸ್ತಕವಾಗಿ ಪ್ರಕಟವಾಯಿತು. ಕಾನೂನು ಪದವಿಯನ್ನೂ ಪಡೆದರಾದರೂ ಆ ವೃತ್ತಿಗೆ ಅವರು ಹೋಗಲಿಲ್ಲ. ಲಂಡನ್ನಿಗೆ ತೆರಳಿ, ಗುಜರಾತಿನ ಪುರಾತತ್ತ್ವವನ್ನು ಕುರಿತು ಸಂಶೋಧನೆ ನಡೆಸಿ, 1936ರಲ್ಲಿ ಡಾಕ್ಟರೇಟ್ ಪಡೆದರು.

ಇಲ್ಲಿಯವರೆಗೆ ಅವರ ವಿದ್ಯೆಯೆಲ್ಲ ಆ ಕಾಲದ ರೂಢಿಯಂತೆಯೇ ಇದ್ದಿತು. ಶಾಸನ, ನಾಣ್ಯ, ದೇವಾಲಯ, ಮೂರ್ತಿಶಿಲ್ಪ, ಸಂಸ್ಕೃತ ಗ್ರಂಥ, ಇವಿಷ್ಟೇ ಇತಿಹಾಸದ ಆಕರಗಳೆಂದು ತಿಳಿಯಲಾಗಿದ್ದ ದಿನಗಳವು. ರಾಜನಿಲ್ಲದ ಕಡೆ ಶಾಸನವಿಲ್ಲ, ಶಾಸನವಿಲ್ಲದ ಕಡೆ ಇತಿಹಾಸವೂ ಇಲ್ಲ. ಆದರೆ ಲಂಡನ್ನಿನಲ್ಲಿದ್ದಾಗ ಇಂಗ್ಲೆಂಡಿನ ಮೇಡನ್ ಕ್ಯಾಸಲ್ ಎಂಬಲ್ಲಿ ಮಾರ್ಟಿಮರ್ ವೀಲರ್ ನಡೆಸುತ್ತಿದ್ದ ಉತ್ಖನನದಲ್ಲಿ ಸಂಕಾಲಿಯಾ ಭಾಗವಹಿಸಿದರು. ನೆಲವನ್ನು ಹೇಗೆಂದರೆ ಹಾಗೆ ಅಗೆಯಬಾರದು, ಒಂದೊಂದು ಪದರವನ್ನು ಗುರುತಿಸಿ ಬಿಡಿಸಬೇಕು, ಯಾವ ಚೂರು ಯಾವ ಪದರದ್ದು ಎಂಬ ಲೆಕ್ಕ ತಪ್ಪಬಾರದು ಎಂಬ ಪಾಠವನ್ನು ಅವರು ಅಲ್ಲಿ ಕಲಿತರು. ಅವರ ಮುಂದಿನ ಜೀವನಕ್ಕೆ ಈ ಪಾಠವೇ ಅಡಿಪಾಯವಾಯಿತು.

ಇತ್ತ ಪುಣೆಯಲ್ಲಿ ಡೆಕ್ಕನ್ ಕಾಲೇಜು 1934ರಲ್ಲಿ ಮುಚ್ಚಿಹೋಗಿತ್ತು. 1821ರ ಪಾಠಶಾಲೆಯಿಂದ ಬೆಳೆದು ಬಂದು, ರಾ. ಗೋ. ಭಾಂಡಾರಕರರಂಥವರು ಪಾಠ ಹೇಳಿದ, ತಿಲಕರು ಓದಿದ ವಿದ್ಯಾಸಂಸ್ಥೆ ಅದು. ಹಳೆಯ ವಿದ್ಯಾರ್ಥಿಗಳು ನ್ಯಾಯಾಲಯದವರೆಗೂ ಹೋಗಿ ಹೋರಾಡಿದ ಫಲವಾಗಿ 1939ರಲ್ಲಿ ಅದು ಸ್ನಾತಕೋತ್ತರ ಸಂಶೋಧನ ಸಂಸ್ಥೆಯಾಗಿ ಮತ್ತೆ ಬಾಗಿಲು ತೆರೆಯಿತು. ಅದೇ ವರ್ಷ ಸಂಕಾಲಿಯಾ ಅಲ್ಲಿ ಪ್ರಾಧ್ಯಾಪಕರಾಗಿ ಸೇರಿದರು. 1973ರಲ್ಲಿ ನಿವೃತ್ತರಾಗುವವರೆಗೆ ಅವರು ಬೇರೆಡೆಗೆ ಹೋಗಲಿಲ್ಲ. ಭಾಷಾಶಾಸ್ತ್ರಕ್ಕೆ ಎಸ್. ಎಂ. ಕತ್ರೆ, ಮಾನವಶಾಸ್ತ್ರಕ್ಕೆ ಇರಾವತಿ ಕರ್ವೆ, ಪುರಾತತ್ತ್ವಕ್ಕೆ ಸಂಕಾಲಿಯಾ, ಹೀಗೆ ಆ ಪುಟ್ಟ ಸಂಸ್ಥೆ ಬೆಳೆಯಿತು.

ಪುಣೆಗೆ ಬಂದವರು ಮೊದಲು ಮಾಡಿದ್ದು ಊರಿನ ಸುತ್ತ ನಡೆದಾಡಿ ನೋಡುವ ಕೆಲಸ. ಇಂದು ಕಾರ್ಖಾನೆಗಳಿಂದ ತುಂಬಿರುವ ಭೋಸರಿಯಲ್ಲಿ ಬೃಹತ್ ಶಿಲಾಸಮಾಧಿಗಳ ಕುರುಹುಗಳನ್ನು ಅವರು ಗುರುತಿಸಿದರು. 1941ರಿಂದ ಗುಜರಾತಿನಲ್ಲಿ ಶಿಲಾಯುಗದ ಅನ್ವೇಷಣೆಯಲ್ಲಿ ತೊಡಗಿ, ಲಾಂಘಣಜದಲ್ಲಿ ಸೂಕ್ಷ್ಮ ಶಿಲಾಯುಧಗಳನ್ನೂ ಮಾನವ ಅಸ್ಥಿಪಂಜರಗಳನ್ನೂ ಬೆಳಕಿಗೆ ತಂದರು. 1945-46ರಲ್ಲಿ ಮೋರೇಶ್ವರ ದೀಕ್ಷಿತರೊಡನೆ ಕೊಲ್ಲಾಪುರದ ಪಂಚಗಂಗಾ ತೀರದ ಬ್ರಹ್ಮಪುರಿ ದಿಬ್ಬವನ್ನು ಅಗೆದರು. ಅದೇ ಊರಿನಲ್ಲಿದ್ದ ಕನ್ನಡದ ಹಿರಿಯ ವಿದ್ವಾಂಸ ಕೆ. ಜಿ. ಕುಂದಣಗಾರರೂ ಆ ದಿಬ್ಬದಲ್ಲಿ ಆಸಕ್ತಿ ಹೊಂದಿದ್ದವರೇ. ಸಾತವಾಹನರ ಕಾಲದ ಪದರದ ಮಡಕೆಗಳು ಯಾವುವು, ಬಹಮನಿ ಕಾಲದವು ಯಾವುವು ಎಂದು ಅಲ್ಲಿ ಬೇರ್ಪಡಿಸಿದ್ದು ಮುಂದಿನ ದೊಡ್ಡ ಕೆಲಸಕ್ಕೆ ಪೀಠಿಕೆಯಾಯಿತು.

ಮಡಕೆಗಳನ್ನು ವಿಂಗಡಿಸುವುದೆಂದರೆ ಏನೆಂದು ಇಲ್ಲಿ ಸ್ವಲ್ಪ ವಿವರಿಸಬೇಕು. ನಮ್ಮ ಅಜ್ಜಿಯರ ಅಡಿಗೆಮನೆಯನ್ನು ನೆನೆಯಿರಿ. ನೀರಿಗೆ ಕೊಡ, ಕಾಳಿಗೆ ಗುಡಾಣ, ಮೊಸರಿಗೆ ಗಡಿಗೆ, ದನಗಳ ಕಲಗಚ್ಚಿಗೆ ಬಾನಿ, ಪೂಜೆಗೆ ಗಿಂಡಿ. ಒಂದರ ಕೆಲಸಕ್ಕೆ ಇನ್ನೊಂದನ್ನು ಅವರು ಬಳಸುತ್ತಿರಲಿಲ್ಲ. ಆಕಾರ ನೋಡಿದೊಡನೆ ಉಪಯೋಗ ತಿಳಿಯುತ್ತಿತ್ತು. ಪುರಾತತ್ತ್ವಜ್ಞನಿಗೆ ಸಿಗುವುದು ಇಡೀ ಪಾತ್ರೆಯಲ್ಲ, ಚೂರು. ಉತ್ಖನನದ ಬಯಲಿನಲ್ಲಿ ಅವನ್ನು ಪದರವಾರು ಬುಟ್ಟಿಗಳಲ್ಲಿ ತಂದು, ತೊಳೆದು, ಒಣಗಿಸಿ, ಒಂದೊಂದರ ಮೇಲೂ ಸ್ಥಳ, ಗುಂಡಿ, ಪದರಗಳ ಗುರುತನ್ನು ಶಾಯಿಯಲ್ಲಿ ಬರೆಯುತ್ತಾರೆ. ಆಮೇಲೆ ಪ್ರಶ್ನೆಗಳು ಆರಂಭ. ಜೇಡಿ ನಯವೋ ಒರಟೋ? ತಿಗರಿಯಲ್ಲಿ ತಿರುಗಿಸಿದ್ದೋ ಕೈಯಲ್ಲೇ ತಟ್ಟಿದ್ದೋ? ಒಲೆಯ ಉರಿ ಒಳಗಿನವರೆಗೆ ತಲುಪಿದೆಯೋ, ನಡುವೆ ಕಪ್ಪಾಗಿ ಉಳಿದಿದೆಯೋ? ಮೇಲೆ ಬಣ್ಣದ ಲೇಪವಿದೆಯೋ, ಉಜ್ಜಿ ಹೊಳಪು ತಂದಿದ್ದಾರೋ, ಚಿತ್ರ ಬಿಡಿಸಿದ್ದಾರೋ? ಬಾಯಂಚಿನ ತುಣುಕು ಸಿಕ್ಕರೆ ಅದರ ಬಾಗಿನಿಂದ ಇಡೀ ಬಾಯಿಯ ಅಗಲವನ್ನು ಲೆಕ್ಕ ಹಾಕಿ, ಪಾತ್ರೆಯ ರೂಪವನ್ನು ಕಾಗದದ ಮೇಲೆ ಬರೆಯಬಹುದು. ಹೀಗೆ ಜೇಡಿ, ತಯಾರಿ, ಬಣ್ಣ, ಆಕಾರಗಳಲ್ಲಿ ಹೊಂದುವ ಚೂರುಗಳನ್ನೆಲ್ಲ ಒಂದು ಗುಂಪಿಗೆ ಸೇರಿಸಿ, ಯಾವ ಪದರದಲ್ಲಿ ಯಾವ ಗುಂಪು ಎಷ್ಟಿದೆ ಎಂದು ಎಣಿಸಿದಾಗ ಕಾಲಾನುಕ್ರಮ ತಾನಾಗಿ ಮೂಡುತ್ತದೆ.

ಬ್ಯಾಂಕಿನ ನಗದು ವಿಭಾಗದಲ್ಲಿ ಕುಳಿತವರಿಗೆ ಈ ಕೆಲಸದ ಸ್ವರೂಪ ಬೇಗ ಅರ್ಥವಾದೀತು. ಚಲಾವಣೆಗೆ ಯೋಗ್ಯವಾದ ನೋಟು, ಮಾಸಿದ ನೋಟು, ಹರಿದ ನೋಟು ಎಂದು ದಿನವಿಡೀ ವಿಂಗಡಿಸುವವರಿಗೆ ಕಣ್ಣಿಗಿಂತ ಮೊದಲು ಬೆರಳಿಗೆ ವ್ಯತ್ಯಾಸ ತಿಳಿಯುತ್ತದೆ. ಆದರೆ ನಮಗೆ ನಿಯಮಗಳ ಪುಸ್ತಕವಿದೆ. ಸಂಕಾಲಿಯಾ ಅವರು ಮಹಾರಾಷ್ಟ್ರದ ನೆಲವನ್ನು ಅಗೆಯತೊಡಗಿದಾಗ ಅಂಥ ಪುಸ್ತಕವೇ ಇರಲಿಲ್ಲ. ಅದನ್ನು ಅವರೇ ಬರೆಯಬೇಕಾಯಿತು.

ಆ ಪುಸ್ತಕದ ಮೊದಲ ಅಧ್ಯಾಯ ತೆರೆದದ್ದು 1950-51ರಲ್ಲಿ, ಪ್ರವರಾ ನದಿಯ ದಡದ ಜೋರ್ವೆ ಎಂಬ ಹಳ್ಳಿಯಲ್ಲಿ. ಸಂಗಮನೇರದ ಬಳಿಯ ಈ ಹಳ್ಳಿಯಲ್ಲೂ ನಾಸಿಕದಲ್ಲೂ ಎಸ್. ಬಿ. ದೇವ್ ಅವರೊಡನೆ ಸಂಕಾಲಿಯಾ ಉತ್ಖನನ ನಡೆಸಿದರು. ಜೋರ್ವೆಯಲ್ಲಿ ದೊರೆತ ಪಾತ್ರೆಗಳು ವಿಶಿಷ್ಟವಾಗಿದ್ದವು. ನಯವಾದ ಜೇಡಿಯಿಂದ ತಿಗರಿಯಲ್ಲಿ ಮಾಡಿ, ಚೆನ್ನಾಗಿ ಸುಟ್ಟ, ಕೆಂಪು-ಕಿತ್ತಳೆ ಬಣ್ಣದ ಪಾತ್ರೆಗಳವು. ಮೇಲೆ ಕಪ್ಪು ಬಣ್ಣದ ಗೆರೆ, ಬಲೆ, ತ್ರಿಕೋನಗಳ ಚಿತ್ರ. ಹೊಟ್ಟೆಯ ನಡುವೆ ಏಣು ಮೂಡುವಂತೆ ಮಡಿದ ಬೋಗುಣಿ, ಉದ್ದ ನಳಿಕೆಯುಳ್ಳ ಗಿಂಡಿಯಂಥ ಪಾತ್ರೆ, ಗುಂಡು ಹೊಟ್ಟೆಯ ಗಡಿಗೆ, ಇವು ಮುಖ್ಯ ಆಕಾರಗಳು. ತಾಮ್ರದ ಚಪ್ಪಟೆ ಕೊಡಲಿಗಳು ಬಳಕೆಯಲ್ಲಿದ್ದ ಕಾಲ. ಕಬ್ಬಿಣ ಇನ್ನೂ ಬಂದಿರಲಿಲ್ಲ. ಅಲ್ಲಿಯವರೆಗೆ ಮಹಾರಾಷ್ಟ್ರದ ಇತಿಹಾಸವೆಂದರೆ ಅಶೋಕನ ಅಥವಾ ಸಾತವಾಹನರ ಕಾಲದಿಂದ ಆರಂಭವಾಗುತ್ತಿತ್ತು. ಅದಕ್ಕೂ ಸುಮಾರು ಸಾವಿರ ವರ್ಷ ಮೊದಲೇ ಇಲ್ಲಿ ಉತ್ತು ಬಿತ್ತು ನೆಲೆಸಿದ್ದ ಜನರಿದ್ದರೆಂದು ಈ ಚೂರುಗಳು ಸಾರಿದವು. ಅಂದಿನಿಂದ ಈ ಬಗೆಯ ಮಡಕೆಗೂ, ಅದನ್ನು ಬಳಸಿದ ಜನರ ಸಂಸ್ಕೃತಿಗೂ ಆ ಹಳ್ಳಿಯ ಹೆಸರೇ ನಿಂತಿತು.

ಆನಂತರ ಅವರು ಬಿಡುವಿಲ್ಲದೆ ದುಡಿದರು. 1952-53ರಲ್ಲಿ ನರ್ಮದೆಯ ದಡದ ಮಹೇಶ್ವರ ಮತ್ತು ಅದರ ಎದುರಿನ ನಾವಡಾಟೋಲಿ; 1954-56ರಲ್ಲಿ ಜ್ಞಾನೇಶ್ವರರ ಸ್ಮೃತಿಯಿಂದ ಪವಿತ್ರವಾದ ನೇವಾಸೆ; 1957-59ರಲ್ಲಿ ಮತ್ತೆ ನಾವಡಾಟೋಲಿ; 1961-62ರಲ್ಲಿ ಉದಯಪುರದ ಸಮೀಪದ ಅಹಾಡ. ಒಂದೊಂದು ಕಡೆಯೂ ಒಂದೊಂದು ಬಗೆಯ ಮಡಕೆ: ನರ್ಮದೆಯ ತೀರದಲ್ಲಿ ಮಾಳವ ಶೈಲಿಯದು, ಅಹಾಡದಲ್ಲಿ ಕಪ್ಪು-ಕೆಂಪು ಮೈಮೇಲೆ ಬಿಳಿ ಚಿತ್ತಾರದ್ದು. ಅಗೆದ ಮೇಲೆ ವರದಿಯನ್ನು ಪ್ರಕಟಿಸದೆ ಬಿಡುವುದು ನಮ್ಮ ದೇಶದ ಪುರಾತತ್ತ್ವದ ಹಳೆಯ ರೋಗ. ಸಂಕಾಲಿಯಾ ಆ ರೋಗಕ್ಕೆ ಹೊರತಾಗಿದ್ದರು. ನಾಸಿಕ-ಜೋರ್ವೆಯ ವರದಿ 1955ರಲ್ಲಿ, ಮಹೇಶ್ವರದ್ದು 1958ರಲ್ಲಿ, ನೇವಾಸೆಯದು 1960ರಲ್ಲಿ ಹೊರಬಂದವು. ಭಾರತ-ಪಾಕಿಸ್ತಾನಗಳ ಪ್ರಾಗಿತಿಹಾಸವನ್ನು ಕುರಿತ ಅವರ ಬೃಹದ್ಗ್ರಂಥದ ಪರಿಷ್ಕೃತ ಆವೃತ್ತಿ 1974ರಲ್ಲಿ ಬಂದಿತು. ಅದೇ ವರ್ಷ ಅವರಿಗೆ ಪದ್ಮಭೂಷಣ ಪ್ರಶಸ್ತಿಯೂ ಸಂದಿತು.

ಕನ್ನಡ ನಾಡಿನೊಡನೆ ಅವರ ಸಂಬಂಧವನ್ನು ನಾವು ವಿಶೇಷವಾಗಿ ನೆನೆಯಬೇಕು. ಅವರ ಆರಂಭದ ಶಿಷ್ಯರಲ್ಲೊಬ್ಬರಾದ ಬೆಂಡಪೂಡಿ ಸುಬ್ಬರಾವ್ ಬಳ್ಳಾರಿಯ ಸಮೀಪದ ಸಂಗನಕಲ್ಲಿನಲ್ಲಿ ಉತ್ಖನನ ನಡೆಸಿ, ಬಳ್ಳಾರಿ ಪ್ರದೇಶದ ಶಿಲಾಯುಗದ ಸಂಸ್ಕೃತಿಗಳನ್ನು ಕುರಿತ ಗ್ರಂಥವನ್ನು 1948ರಲ್ಲಿ ಪ್ರಕಟಿಸಿದರು. ಅದೇ ಸುಮಾರಿಗೆ, 1947ರಲ್ಲಿ, ವೀಲರ್ ಅವರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿ ಉತ್ಖನನ ನಡೆಸಿದರು. ಮೈಸೂರಿನ ಡಾ. ಎಂ. ಎಚ್. ಕೃಷ್ಣ ಅವರು ಅದಕ್ಕೂ ಮೊದಲೇ ಕೆಲಸ ಮಾಡಿದ್ದ ನೆಲೆಗಳವು. ಕಲ್ಲಿನ ಕೊಡಲಿಯ ಜನ, ಬೃಹತ್ ಶಿಲಾಸಮಾಧಿಯ ಜನ, ಸಾತವಾಹನ ಕಾಲದ ಜನ ಎಂಬ ಕ್ರಮವನ್ನು ವೀಲರ್ ಮಡಕೆಗಳ ಆಧಾರದಿಂದಲೇ ಅಲ್ಲಿ ನಿಲ್ಲಿಸಿದರು. 1960ರ ದಶಕದಲ್ಲಿ ಡೆಕ್ಕನ್ ಕಾಲೇಜಿನ ತಂಡ ಮತ್ತೆ ಬಳ್ಳಾರಿ ಸೀಮೆಗೆ ಬಂದಿತು. ಎಂ. ಎಸ್. ನಾಗರಾಜರಾವ್ ಅವರು ಕೆ. ಸಿ. ಮಲ್ಹೋತ್ರಾ ಅವರೊಡನೆ ತೆಕ್ಕಲಕೋಟೆಯಲ್ಲಿ, ಆಮೇಲೆ ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಉತ್ಖನನ ಕೈಗೊಂಡರು. ಇದೇ ನಾಗರಾಜರಾವ್ ಮುಂದೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಮಹಾನಿರ್ದೇಶಕರಾದರು. ಇನ್ನೊಬ್ಬ ಶಿಷ್ಯ ಕೆ. ಪದ್ದಯ್ಯ ಸುರಪುರ ದೋಆಬಿನ ನವಶಿಲಾಯುಗವನ್ನು ಅಧ್ಯಯನ ಮಾಡಿದರು. ನಮ್ಮ ನಾಡಿನ ಬೂದಿದಿಬ್ಬಗಳ ಕಾಲದ ಜನರನ್ನು ನಾವು ಇಂದು ಅರಿತಿರುವುದರಲ್ಲಿ ಪುಣೆಯ ಈ ಗುರುಕುಲದ ಪಾಲು ದೊಡ್ಡದು.

ಸಂಕಾಲಿಯಾ ಅವರ ಕೆಲಸದ ಕಳಶವೆಂದರೆ ಇನಾಮಗಾಂವ. ಪುಣೆ ಜಿಲ್ಲೆಯ ಶಿರೂರು ತಾಲೂಕಿನಲ್ಲಿ ಘೋಡ್ ನದಿಯ ದಡದಲ್ಲಿರುವ ಈ ಊರಿನಲ್ಲಿ 1968ರಲ್ಲಿ ಆರಂಭವಾದ ಉತ್ಖನನ, ಎಂ. ಕೆ. ಢವಳೀಕರ್ ಮತ್ತು ಝೆಡ್. ಡಿ. ಅನ್ಸಾರಿ ಅವರ ಸಹಯೋಗದಲ್ಲಿ 1980ರ ದಶಕದ ಆರಂಭದವರೆಗೆ ನಡೆಯಿತು. ಕ್ರಿ.ಪೂ. 1600ರಿಂದ 700ರವರೆಗಿನ ಒಂದು ಹಳ್ಳಿಯ ಬಾಳು ಅಲ್ಲಿ ಬಯಲಾಯಿತು. ನೂರಮೂವತ್ತಕ್ಕೂ ಹೆಚ್ಚು ಮನೆಗಳು, ಕಣಜ, ನೀರಿನ ಕಾಲುವೆ, ಕುಂಬಾರನ ಆವಿಗೆ ಎಲ್ಲವೂ ಕಂಡುಬಂದವು. ಮೊದಲು ಮಾಳವ ಮಡಕೆ, ಆಮೇಲೆ ಜೋರ್ವೆ ಮಡಕೆ, ಕೊನೆಗೆ ಅದರ ಇಳಿಗಾಲದ ರೂಪ. ಕ್ರಿ.ಪೂ. 1000ದ ನಂತರ ಚೌಕಟ್ಟಾದ ಮನೆಗಳ ಜಾಗದಲ್ಲಿ ದುಂಡು ಗುಡಿಸಲುಗಳು ಬಂದವು, ಮಡಕೆ ಒರಟಾಯಿತು, ಚಿತ್ರಗಳು ಕಡಿಮೆಯಾದವು, ಬೆಳೆ ಕುಗ್ಗಿ ಬೇಟೆ ಹೆಚ್ಚಿತು. ಮಳೆ ಕಡಿಮೆಯಾಗಿ ಬಡತನ ಬಂದಿತೆಂದು ವಿದ್ವಾಂಸರು ಇದನ್ನು ಅರ್ಥೈಸಿದರು. ಬರಗಾಲದ ಕಥೆಯನ್ನು ಯಾವ ಕವಿಯೂ ಬರೆದಿಡದ ಆ ಕಾಲದಲ್ಲಿ ಮಡಕೆಯೇ ಅದನ್ನು ಬರೆದಿಟ್ಟಿತ್ತು.

ಮನಸ್ಸನ್ನು ಹೆಚ್ಚಾಗಿ ಕಲಕುವುದು ಅಲ್ಲಿನ ಸಮಾಧಿಗಳು. ಸತ್ತ ಮಕ್ಕಳನ್ನು ಆ ಜನ ಊರ ಹೊರಗೆ ಒಯ್ಯಲಿಲ್ಲ. ಎರಡು ಗಡಿಗೆಗಳನ್ನು ಬಾಯಿಗೆ ಬಾಯಿ ಸೇರಿಸಿ ಅಡ್ಡಲಾಗಿ ಮಲಗಿಸಿ, ಅದರೊಳಗೆ ಕೂಸನ್ನಿಟ್ಟು, ಮನೆಯ ನೆಲದಡಿಯಲ್ಲಿಯೇ ಹೂಳಿದರು. ಇನಾಮಗಾಂವದಲ್ಲಿ ಇಂಥ ಸಮಾಧಿಗಳು ನೂರಾರು. ನೇವಾಸೆಯಲ್ಲಿಯೂ ಇವು ದೊರೆತಿದ್ದವು. ಅಲ್ಲಿ ಒಂದು ಮಗುವಿನ ಕೊರಳಿನ ತಾಮ್ರದ ಮಣಿಗಳೊಳಗೆ ನೂಲಿನ ಎಳೆ ಕೂಡ ಉಳಿದುಬಂದಿತ್ತು. ಇನಾಮಗಾಂವದ ಐದು ಕೋಣೆಗಳ ಮನೆಯೊಂದರ ಅಂಗಳದಲ್ಲಿ ನಾಲ್ಕು ಕಾಲುಗಳುಳ್ಳ, ಉಬ್ಬಿದ ಹೊಟ್ಟೆಯ ದೊಡ್ಡ ಮಣ್ಣಿನ ಗುಡಾಣದೊಳಗೆ ನಡುವಯಸ್ಸಿನ ಗಂಡಸೊಬ್ಬನನ್ನು ಕುಳ್ಳಿರಿಸಿದ್ದರು; ಬಹುಶಃ ಊರಿನ ಮುಖಂಡ. ಕಾಳು ತುಂಬುವ ಗುಡಾಣ, ನೀರು ತುಂಬುವ ಗಡಿಗೆ, ಕೊನೆಗೆ ಮನುಷ್ಯನನ್ನೂ ತನ್ನ ಹೊಟ್ಟೆಯೊಳಗೆ ಇಟ್ಟುಕೊಂಡಿತು. ಇವು ಬರಿಯ ಅಗ್ಗದ ಪಾತ್ರೆಗಳಲ್ಲ, ಆ ತಾಯಂದಿರ ದುಃಖದ ದಾಖಲೆಗಳೆಂದು ಅನಿಸದಿರದು.

ಇಲ್ಲಿಯೇ ವಿಂಗಡಣೆಯ ನಿಜವಾದ ಸೂಕ್ಷ್ಮತೆ ಇರುವುದು. ಮಕ್ಕಳ ಸಮಾಧಿಗೆ ಬಳಸಿದ ಗಡಿಗೆಗಳಲ್ಲಿ ಅನೇಕವು ಚಿತ್ರಿತ ಕೆಂಪು ಮಡಕೆಗಳಲ್ಲ. ಕೈಯಿಂದ ತಟ್ಟಿ ಮಾಡಿದ ಒರಟು ಬೂದುಬಣ್ಣದವು. ಅಂಥ ಬೂದು ಮಡಕೆಯೂ, ಮಗುವನ್ನು ಗಡಿಗೆಯಲ್ಲಿ ಹೂಳುವ ರೂಢಿಯೂ ಬ್ರಹ್ಮಗಿರಿ, ತೆಕ್ಕಲಕೋಟೆಗಳ ನವಶಿಲಾಯುಗದಲ್ಲಿ ಇವೆ. ಅಂದರೆ ಊಟದ ಬಟ್ಟಲು ಒಂದು ದಿಕ್ಕಿನ ಸಂಪ್ರದಾಯದ್ದು, ಸಾವಿನ ಗಡಿಗೆ ದಕ್ಷಿಣದ ಸಂಪ್ರದಾಯದ್ದು. ಇತ್ತ ತುಂಗಭದ್ರೆಯ ದಡದ ನೆಲೆಗಳಲ್ಲಿ ಜೋರ್ವೆ ಬಗೆಯ ಚೂರುಗಳೂ ಸಿಕ್ಕಿವೆ. ಮೂರು ಸಾವಿರ ವರ್ಷಗಳ ಹಿಂದೆಯೇ ಇಂದಿನ ಮಹಾರಾಷ್ಟ್ರ, ಕರ್ನಾಟಕಗಳ ಜನ ಹೀಗೆ ಕೊಟ್ಟು ತೆಗೆದುಕೊಂಡು ಬಾಳಿದ್ದರು. ಇದನ್ನು ಓದಿದಾಗ, ಅವರು ಕನ್ನಡದವರೇ ಇರಬೇಕೆಂದು ಹಿಗ್ಗುವ ಆಸೆ ನಮಗೆ ಸಹಜ. ಆದರೆ ಮಡಕೆ ತನ್ನ ಒಡೆಯನ ಭಾಷೆಯನ್ನು ಹೇಳುವುದಿಲ್ಲ.

ಈ ಮಿತಿಯನ್ನು ಸಂಕಾಲಿಯಾ ಅವರ ಬದುಕೇ ನಮಗೆ ತೋರುತ್ತದೆ. ನಾವಡಾಟೋಲಿಯಲ್ಲಿ ದೊರೆತ ತೆರೆದ ದೋಣಿಯಂಥ ಮೂತಿಯ ಬಟ್ಟಲು, ಕಾಲುಳ್ಳ ಲೋಟಗಳನ್ನು ಇರಾನಿನ ಪ್ರಾಚೀನ ಪಾತ್ರೆಗಳೊಡನೆ ಹೋಲಿಸಿ, ಆ ಜನ ಪಶ್ಚಿಮದಿಂದ ಬಂದವರು, ಪ್ರಾಯಶಃ ಆರ್ಯರಿಗೆ ಸಂಬಂಧಿಸಿದವರು ಎಂಬ ಅಭಿಪ್ರಾಯವನ್ನು ಅವರು ಮುಂದಿಟ್ಟರು. ಮುಂದಿನ ವಿದ್ವಾಂಸರಲ್ಲಿ ಹೆಚ್ಚಿನವರು ಇದನ್ನು ಒಪ್ಪಲಿಲ್ಲ. ಆಕಾರದ ಹೋಲಿಕೆ ವ್ಯಾಪಾರದಿಂದ ಬರಬಹುದು, ಅನುಕರಣೆಯಿಂದ ಬರಬಹುದು, ಆಕಸ್ಮಿಕವೂ ಆಗಿರಬಹುದು. ಮಡಕೆ ಬಂದಿತೆಂದ ಮಾತ್ರಕ್ಕೆ ಜನಾಂಗವೇ ಬಂದಿತೆನ್ನಲಾಗದು ಎಂಬುದು ಅವರ ವಾದ. ಬಾಲ್ಯದಲ್ಲಿ ತಿಲಕರ ಗ್ರಂಥದಿಂದ ಹೊತ್ತಿಕೊಂಡ ಆರ್ಯರ ಪ್ರಶ್ನೆ ಅವರನ್ನು ಕೊನೆಯವರೆಗೂ ಬಿಡಲಿಲ್ಲವೇನೋ ಎಂದು ನನಗೆ ತೋರುತ್ತದೆ. ಆದರೂ ಅವರ ಹಿರಿಮೆ ಕುಗ್ಗುವುದಿಲ್ಲ. ಏಕೆಂದರೆ ಅವರ ತೀರ್ಮಾನವನ್ನು ಅಲ್ಲಗಳೆದವರು ಬಳಸಿದ್ದು ಅವರೇ ಪದರವಾರು ದಾಖಲಿಸಿ, ಚಿತ್ರ ಸಹಿತ ಪ್ರಕಟಿಸಿದ್ದ ಚೂರುಗಳನ್ನೇ. ಲೆಕ್ಕದ ಪುಸ್ತಕವನ್ನು ಶುದ್ಧವಾಗಿ ಬರೆದಿಟ್ಟವನ ಕೂಡುವಿಕೆಯಲ್ಲಿ ತಪ್ಪಿದ್ದರೂ ಮುಂದಿನವರು ಅದನ್ನು ತಿದ್ದಬಹುದು. ಪುಸ್ತಕವನ್ನೇ ಬರೆಯದವನ ತಪ್ಪನ್ನು ಯಾರೂ ತಿದ್ದಲಾರರು.

ನಿವೃತ್ತಿಯ ಬಳಿಕವೂ ಅವರು ಬರೆಯುತ್ತಲೇ ಇದ್ದರು. ರಾಮಾಯಣದ ಐತಿಹಾಸಿಕತೆಯನ್ನು ಕುರಿತ ಅವರ ಬರಹಗಳು ವಾದವಿವಾದಗಳನ್ನು ಎಬ್ಬಿಸಿದವು. 1978ರಲ್ಲಿ ಅವರ ಆತ್ಮಚರಿತ್ರೆ ಪ್ರಕಟವಾಯಿತು. ಸಾಮಾನ್ಯ ಓದುಗರಿಗಾಗಿ ಗುಜರಾತಿ, ಮರಾಠಿಗಳಲ್ಲೂ ಅವರು ಲೇಖನಗಳನ್ನು ಬರೆದರು. ಇನಾಮಗಾಂವದ ವರದಿ 1988ರಲ್ಲಿ ಹೊರಬಂದಿತು. ಮರುವರ್ಷ, 1989ರ ಜನವರಿ 28ರಂದು, ಪುಣೆಯಲ್ಲಿ ಅವರು ಕಣ್ಮುಚ್ಚಿದರು. ಅವರು ಕಟ್ಟಿದ ಪುರಾತತ್ತ್ವ ವಿಭಾಗ ದೇಶದಲ್ಲೇ ಹೆಸರಾಂತ ಕೇಂದ್ರವಾಗಿ ಬೆಳೆದಿದೆ. 1990ರಲ್ಲಿ ಡೆಕ್ಕನ್ ಕಾಲೇಜಿಗೆ ಪರಿಗಣಿತ ವಿಶ್ವವಿದ್ಯಾಲಯದ ಸ್ಥಾನ ದೊರೆಯಿತು.

ರಾಜರ ಇತಿಹಾಸವನ್ನು ಬರೆಯಲು ಶಾಸನಗಳಿವೆ, ಕವಿಗಳಿದ್ದಾರೆ. ಉಳುವವನ, ಅಟ್ಟುಣ್ಣುವವಳ, ಕುಂಬಾರನ, ಹೆಸರಿಡುವ ಮುನ್ನವೇ ತೀರಿಕೊಂಡ ಕೂಸಿನ ಇತಿಹಾಸಕ್ಕೆ ಮಡಕೆಯ ಚೂರುಗಳೇ ಗತಿ. ಆ ಚೂರುಗಳಿಗೂ ಒಂದು ವರ್ಣಮಾಲೆಯಿದೆ ಎಂದು ತೋರಿಸಿ, ಅದನ್ನು ಓದುವ ಒಂದು ಪೀಳಿಗೆಯನ್ನೇ ಸಂಕಾಲಿಯಾ ಸಿದ್ಧಪಡಿಸಿದರು. ಪುಣೆಯ ಕನ್ನಡ ಬಂಧುಗಳು ಬಿಡುವು ಮಾಡಿಕೊಂಡು ಮಕ್ಕಳೊಡನೆ ಒಮ್ಮೆ ಯೆರವಡಾದ ಆ ವಸ್ತುಸಂಗ್ರಹಾಲಯಕ್ಕೆ ಹೋಗಿ, ಬಾಯಿಗೆ ಬಾಯಿ ಸೇರಿಸಿ ಮಲಗಿಸಿದ ಆ ಜೋಡಿ ಗಡಿಗೆಗಳ ಮುಂದೆ ಒಂದು ಗಳಿಗೆ ನಿಲ್ಲಬೇಕೆಂದು ನನ್ನ ವಿನಂತಿ. ಅದೇ ಆ ಹಿರಿಯರಿಗೆ ನಾವು ಸಲ್ಲಿಸಬಹುದಾದ ಗೌರವ.